ಲೋಟ ಎತ್ತಿದ ಕೈ

"ಇಲ್ಲಿ ನೋಡಮ್ಮ, ಈ ಕೈ," ಎಂದು ದಿಶಾ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತಿರುಗಿಸಿದಳು. ಬಸಳೆ ದಂಟು ಮುರಿಯುತ್ತಿದ್ದ ರತ್ನಾವತಿ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿದಳು. ಪರದೆಯ ಮೇಲೆ ತೊಂಬತ್ತರ ದಶಕದ ಪಾಪ್ ಹಾಡೊಂದು ನಿಂತಲ್ಲೇ ನಿಂತಿತ್ತು. ಉಡುಪಿ ಹೋಟೆಲಿನ ಮೂಲೆ ಟೇಬಲ್ಲು, ಎದುರುಬದುರು ಕೂತ ಹುಡುಗ ಹುಡುಗಿ, ನಡುವೆ ಎಲ್ಲಿಂದಲೋ ಚಾಚಿಕೊಂಡು ಬಂದು ಹುಡುಗಿಯ ಕಾಫಿ ಲೋಟವನ್ನು ಹಿಡಿದ ಒಂದು ಕೈ.

ಆ ಕಾಲದಲ್ಲಿ ಆ ಹಾಡನ್ನು ಕೇಳದವರಿರಲಿಲ್ಲ. ಹುಡುಗ ಗಿಟಾರು ಹಿಡಿದು, ಇನ್ನೊಂದು ಗಳಿಗೆ ಕೂತಿರು ಎಂದು ಗೋಗರೆಯುತ್ತಾನೆ. ಅಷ್ಟರಲ್ಲಿ ಮಾಣಿಯೊಬ್ಬ ಬಂದು, ಕಾಫಿ ಇನ್ನೂ ಉಳಿದಿರುವಾಗಲೇ, ಹುಡುಗಿಯ ಮುಂದಿನ ಲೋಟವನ್ನು ಎತ್ತಿಕೊಂಡು ಹೋಗುತ್ತಾನೆ. ಹುಡುಗಿ ಬೆಚ್ಚಿ ತಲೆ ಎತ್ತಿ, ಆಮೇಲೆ ನಕ್ಕುಬಿಡುತ್ತಾಳೆ. ದೇಶವೆಲ್ಲ ಮರುಳಾದದ್ದು ಆ ನಗುವಿಗೆ. ಕೈಯನ್ನು ನೋಡುವ ಪುರುಸೊತ್ತು ಯಾರಿಗಿತ್ತು? ಅದನ್ನು ನೋಡಿದವಳು ಠಾಣೆ ಪಟ್ಟಣದ ಕಾಲೇಜಿನಲ್ಲಿ ಮಾಸ್ ಮೀಡಿಯಾ ಓದುತ್ತಿದ್ದ ದಿಶಾ. ಹಳೆಯ ಮ್ಯೂಸಿಕ್ ವಿಡಿಯೊ ಒಂದನ್ನು ಮಾಧ್ಯಮ ಸಿದ್ಧಾಂತ ಹಚ್ಚಿ ಬಿಡಿಸಿ ನೋಡುವುದು ಅವಳ ಪ್ರಾಜೆಕ್ಟು. ಹೋದ ಸಲ ಇದೇ ವಿಷಯದಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ಒಂದು ವರ್ಷವೇ ಹೋದಂತೆ.

"ಕ್ಯಾಮೆರಾ ಪೂರಾ ಟೈಮ್ ಹುಡುಗಿಯನ್ನೇ ನೋಡ್ತದೆ. ಹೀರೋ ನೋಡ್ತಾನೆ, ಪಬ್ಲಿಕ್ ನೋಡ್ತದೆ. ಅವಳು ಇರೋದೇ ನೋಡಿಸಿಕೊಳ್ಳಲಿಕ್ಕೆ. ಈ ವೇಟರ್ ಒಬ್ಬನೇ ಅವಳನ್ನು ನೋಡುದಿಲ್ಲ, ಲೋಟ ನೋಡ್ತಾನೆ. ಸಮ್ಝೀ ಕ್ಯಾ? ಆ ನೋಟವನ್ನು ತುಂಡು ಮಾಡೋದು ದುಡಿಯೋ ಕೈ. ಅದೇ ನನ್ನ ಥಿಯರಿ."

ಥಿಯರಿ ರತ್ನಾವತಿಯ ತಲೆಗೆ ಎಷ್ಟು ಹತ್ತಿತೋ ಗೊತ್ತಿಲ್ಲ. ಅವಳು ಆ ಕೈಯ ಸೊಟ್ಟ ಕಿರುಬೆರಳನ್ನೇ ನೋಡುತ್ತಿದ್ದಳು.

"ಅದು ನಿನ್ನ ಪಪ್ಪನ ಕೈ ಅಲ್ವಾ," ಎಂದು ಮತ್ತೆ ಬಸಳೆಗೆ ಕೈ ಹಾಕಿದಳು. "ಅವರ ಹತ್ರ ಮಾತ್ರ ಕೇಳ್ಬೇಡ ಮಾರಾಯ್ತಿ. ಊಟ ಬಿಟ್ಟು ಏಳ್ತಾರೆ."

ಕಥೆ ಇಷ್ಟೇ. ದಿಶಾಳ ಅಪ್ಪ ಶಂಭು ಆಗ ಊರಿನಿಂದ ಬಂದ ಹೊಸತು. ಕಲ್ಯಾಣ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ. ಬೆಳಗ್ಗೆಯೇ ಮುಗಿಯಬೇಕಾಗಿದ್ದ ಶೂಟಿಂಗು ಊಟದ ಹೊತ್ತಿನವರೆಗೆ ಎಳೆಯಿತು, ಬಾಗಿಲಲ್ಲಿ ಗಿರಾಕಿಗಳು ತುಂಬಿದರು. ಮಾಣಿಯ ಪಾತ್ರಕ್ಕೆ ನಿಂತ ಶಂಭುವಿಗೆ ನೀರಿಟ್ಟು ಹೋಗು ಎಂದಷ್ಟೇ ಹೇಳಿದ್ದರು. ಆದರೆ ರಶ್ಶಿನ ಹೊತ್ತಿನಲ್ಲಿ ಕಾಫಿ ಕೊನೆಯ ಗುಟುಕಿಗೆ ಬಂತೆಂದರೆ ಲೋಟ ಎತ್ತಬೇಕು. ಗಿರಾಕಿ ತಾನಾಗಿ ಏಳುತ್ತಾನೆ. ಏಳಿ ಎಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಹೋಟೆಲಿಗೆ ಸೇರಿದವನು ಮೊದಲ ವಾರವೇ ಕಲಿಯುವ ಪಾಠ ಇದು, ಶಂಭುವಿನ ಕೈ ಅದನ್ನು ಕ್ಯಾಮೆರಾದ ಮುಂದೆಯೂ ಒಪ್ಪಿಸಿತು. ಡೈರೆಕ್ಟರು ಕೂಗಾಡಿದ. ಹೋಟೆಲಿನ ಧನಿಗಳು ಎಲ್ಲರೆದುರು ತಲೆ ಇಲ್ಲದವ ಎಂದು ಬೈದು, ತಿಂಗಳಿಡೀ ಹಿಂದಿನ ಮೋರಿಕಟ್ಟೆಯಲ್ಲಿ ಪಾತ್ರೆ ತಿಕ್ಕಲು ಹಾಕಿದರು. ಹುಡುಗಿಯ ನಗು ಚೆನ್ನಾಗಿ ಬಂತೆಂದು ಅದೇ ತುಣುಕನ್ನು ಉಳಿಸಿಕೊಂಡದ್ದನ್ನು ಶಂಭುವಿಗೆ ಯಾರೂ ಹೇಳಲಿಲ್ಲ. ತನ್ನ ದಡ್ಡತನ ದಿನಾ ಟಿವಿಯಲ್ಲಿ ಬರತೊಡಗಿದಾಗ ಅವನು ನಾಚಿಕೆಯಿಂದ ಕುಗ್ಗಿಹೋದ. ಅಂದಿನಿಂದ ಆ ಹಾಡು ಶುರುವಾದರೆ ಸಾಕು, ವಾರ್ತೆಗೆ ತಿರುಗಿಸುತ್ತಿದ್ದ. ಅಪ್ಪನಿಗೆ ಸಂಗೀತವೇ ಆಗುವುದಿಲ್ಲ ಎಂದು ದಿಶಾ ತಿಳಿದಿದ್ದಳು.

ಕೇಳಬೇಡ ಎಂದರೆ ಕೇಳದೆ ಇರುವ ಜಾತಿಯಲ್ಲ ಅವಳು. ಶಂಭುವಿಗೆ ಈಗ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ನಡುವೆ ಸ್ವಂತದ ಚಿಕ್ಕ ಹೋಟೆಲು. ಅವನು ಮನೆಗೆ ಬಂದು ಊಟಕ್ಕೆ ಕೂತದ್ದೇ ತಡ, ಲ್ಯಾಪ್‌ಟಾಪು ಬಟ್ಟಲಿನ ಪಕ್ಕಕ್ಕೆ ಬಂತು.

"ಅದು ನನ್ನ ಕೈ ಅಲ್ಲ," ಎಂದ ಶಂಭು, ಸರಿಯಾಗಿ ನೋಡದೆ. "ಧರ್ಮಪಾಲನದ್ದು."

"ಯಾವ ಧರ್ಮಪಾಲ?"

"ಇದ್ದ ಒಬ್ಬ. ಈಗ ಮಸ್ಕತ್‌ನಲ್ಲಿದ್ದಾನೆ."

"ಕಿರುಬೆರಳು ಸೊಟ್ಟ ಉಂಟಲ್ಲ ಪಪ್ಪ."

"ಅವನದ್ದೂ ಸೊಟ್ಟವೇ."

ದಿಶಾ ವಾದಕ್ಕೆ ಹೋಗದೆ ತಾನು ಬರೆದದ್ದನ್ನು ಓದಿದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯ, ಆಮೇಲೆ ಅದರ ಅರ್ಥ ಹರಕು ಕನ್ನಡದಲ್ಲಿ. ನೋಟ, ಅಧಿಕಾರ, ಶ್ರಮ, ಪ್ರತಿರೋಧ ಎಂದೆಲ್ಲ ಬಂತು. ಶಂಭು ಅಗಿಯುವುದನ್ನು ನಿಲ್ಲಿಸಿದ.

"ಪ್ರತಿರೋಧ ಅಂದ್ರೆ ಎಂತ?"

"ಎಲ್ಲರೂ ಹೀರೋ ಹೀರೋಯಿನ್ ಹಿಂದೆ ಕುಣೀತಿರುವಾಗ ಆ ಕೈ ಒಂದೇ ಕುಣೀಲಿಲ್ಲ. ತನ್ನ ಕೆಲಸ ಮಾಡಿತು. ಇಡೀ ವಿಡಿಯೊದಲ್ಲಿ ಅದೇ ಮೇನ್."

ಶಂಭು ಅನ್ನಕ್ಕೆ ಸಾರು ಕಲಸತೊಡಗಿದ. ಬಹಳ ಹೊತ್ತು ಕಲಸಿದ.

"ಧರ್ಮಪಾಲ ಆ ದಿನ ರಜೆಯಲ್ಲಿದ್ದ," ಎಂದ ಕೊನೆಗೆ.

ಮರುದಿನದಿಂದ ಶಂಭುವನ್ನು ಹಿಡಿಯುವವರಿಲ್ಲ. ಮೊದಲು ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ಯತಿನ್‌ಗೆ ಗೊತ್ತಾಯಿತು, ಆಮೇಲೆ ಅಡುಗೆಮನೆಗೆ, ಸಂಜೆಯ ಹೊತ್ತಿಗೆ ಹಾಲಿನವನಿಗೂ. ಹೇಳಿದಂತೆಲ್ಲ ಕಥೆ ಬೆಳೆಯಿತು. ಮೊದಲು ಅವನು ಸುಮ್ಮನೆ ಲೋಟ ಎತ್ತಿದ್ದ. ಎರಡು ದಿನಗಳಲ್ಲಿ, ಡೈರೆಕ್ಟರಿಗೆ ಬುದ್ಧಿ ಕಲಿಸಲೆಂದೇ ಎತ್ತಿದ್ದ. ದೋಸೆ ಹುಯ್ಯುವವರೂ ಪ್ರತಿರೋಧ ಎನ್ನತೊಡಗಿದರು. "ಮೊನ್ನೆವರೆಗೆ ಧರ್ಮಪಾಲನ ಕೈ," ಎಂದು ರತ್ನಾವತಿ ಒಗ್ಗರಣೆಯ ಹೊಗೆಯೊಳಗೇ ಗೊಣಗಿದಳು. ಆದರೆ ಗಂಡ ಹೀಗೆ ಎದೆ ಮುಂದೆ ಮಾಡಿ ನಡೆಯುವುದನ್ನು ನೋಡಿ ಅವಳಿಗೂ ಒಳಗೊಳಗೆ ಖುಷಿಯೇ ಆಗಿತ್ತು.

ಕೈಯ ಯಜಮಾನ ಸಿಕ್ಕಿದ್ದಾನೆ ಎಂದು ತಿಳಿದು ದಿಶಾಳ ಪ್ರಭಾ ಮೇಡಂ ತಾವೇ ಬರುತ್ತೇನೆಂದರು. ಧಾರವಾಡದ ಕಡೆಯವರು, ಮಾರ್ಕು ಕೊಡುವುದರಲ್ಲಿ ಮಹಾ ಜಿಪುಣರು. ಶನಿವಾರ ಠಾಣೆಯಿಂದ ಲೋಕಲ್ ರೈಲು ಹಿಡಿದು ಬಂದಿಳಿದರು, ಅದೂ ಕಂಪನಿಗಳು ಊಟಕ್ಕೆ ಬಿಡುವ ಹೊತ್ತಿಗೇ. ಶಂಭು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೂಲೆ ಟೇಬಲ್ಲನ್ನು ತಾನೇ ಒರೆಸಿ, ಕಾಫಿ ತಂದಿಟ್ಟು ಪಕ್ಕದಲ್ಲಿ ನಿಂತ. ಕೂರಿ ಎಂದರೂ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು.

"ಲೋಟ ಎತ್ತೂ ಮುಂದ ನಿಮ್ಮ ತಲ್ಯಾಗ ಏನಿತ್ರೀ?" ಎಂದು ಮೇಡಂ ಕೇಳಿದರು.

"ಪ್ರತಿರೋಧ," ಎಂದ ಶಂಭು.

ಮೇಡಂ ಕಾಫಿ ಕುಡಿಯುತ್ತ ತಲೆ ಅಲ್ಲಾಡಿಸಿದರು. "ನೀವು ಬೇಕಂತನ ಎತ್ತಿದ್ರ ಅದು ಆ್ಯಕ್ಟಿಂಗ್ ಆತು. ನೀವೂ ಆ ಹೀರೋನಂಗ ಒಬ್ಬ ಆ್ಯಕ್ಟರ್. ನಿಮ್ಮ ಮಗಳು ಬರದದ್ದು ಬ್ಯಾರೇನ ಐತಿ. ದುಡಿಯೋ ಕೈ ತನಗ ಗೊತ್ತಿಲ್ಲದ ಎತ್ತಿತು, ರೂಢಿ ಎತ್ತಿಸಿತು ಅಂತ. ಎರಡರಾಗ ಯಾವುದು ಖರೇ? ನೀವಂದಂಗ ಆದ್ರ ಈಕಿ ಪ್ರಾಜೆಕ್ಟ್ ನಿಲ್ಲಂಗಿಲ್ಲ."

ದಿಶಾ ಅಪ್ಪನಿಗೆ ಕಣ್ಸನ್ನೆ ಮಾಡಿದಳು. ಶಂಭು ಮಗಳನ್ನು ನೋಡಿದ, ಅಡುಗೆಮನೆಯ ಬಾಗಿಲನ್ನೂ ನೋಡಿದ. ಅಲ್ಲಿ ಯತಿನ್ ಗಲ್ಲೆ ಬಿಟ್ಟು ಬಂದು ನಿಂತಿದ್ದ. ಇಷ್ಟು ಜನರ ಎದುರು ಮತ್ತೊಮ್ಮೆ ತಲೆ ಇಲ್ಲದವನಾಗುವುದು ಶಂಭುವಿನಿಂದ ಆಗುವ ಮಾತಲ್ಲ.

"ಬೇಕೂಂತಲೇ ಮೇಡಂ," ಎಂದ. ದಿಶಾಳ ಮುಖ ಬಾಡಿತು. ಹೋಯಿತು ಒಂದು ವರ್ಷ, ಅದೂ ಸ್ವಂತ ಅಪ್ಪನಿಂದ. ಅವಳಿಗೆ ಸಿಟ್ಟು ಬಂತು, ಅವನು ನಿಂತಿದ್ದ ಠೀವಿ ನೋಡಿ ಅಳುವೂ ಬಂತು.

ಬಾಗಿಲಲ್ಲಿ ಪೇಂಟು ಕಂಪನಿಯ ನಾಲ್ವರು ಬಂದು ಜಾಗ ಹುಡುಕುತ್ತ ನಿಂತರು. ಶಂಭುವಿನ ಕಣ್ಣು ಅತ್ತ ಹೋಗಿ ಬಂತು. ಮಾತು ನಿಲ್ಲಲಿಲ್ಲ.

"ಪೂರಾ ಯೋಚನೆ ಮಾಡಿಯೇ ಎತ್ತಿದ್ದು. ಒಂದು ವಾರದಿಂದ ತಲೆಯಲ್ಲಿ ಇಟ್ಟುಕೊಂಡಿದ್ದೆ. ಕೈ ಅಂದ್ರೆ ಸುಮ್ಮನೆ ಹೋಗುದಿಲ್ಲ ಮೇಡಂ, ನಾವು ಹೇಳಿದ್ರೆ ಮಾತ್ರ ಹೋಗುದು," ಎನ್ನುತ್ತಿರುವಾಗಲೇ ಸೊಟ್ಟ ಕಿರುಬೆರಳಿನ ಕೈ ಟೇಬಲ್ಲಿನ ಮೇಲೆ ಚಾಚಿ, ಮೇಡಂ ಮುಂದಿದ್ದ ಲೋಟವನ್ನು ಎತ್ತಿಕೊಂಡಿತು.

ಮೇಡಂ ಬೆಚ್ಚಿ ತಲೆ ಎತ್ತಿದರು. ಆಮೇಲೆ ನಕ್ಕುಬಿಟ್ಟರು, ಬಾಗಿಲಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. ದಿಶಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಇದನ್ನೂ ಬರಕೋವಾ," ಎಂದು ಮೇಡಂ ಅವಳಿಗೆ ಹೇಳಿ, ಕಣ್ಣೊರೆಸಿಕೊಳ್ಳುತ್ತ ಬ್ಯಾಗು ಹೆಗಲಿಗೇರಿಸಿ ತಾವಾಗಿ ಎದ್ದರು.

ಶಂಭು ಆಗಷ್ಟೇ ತನ್ನ ಕೈ ನೋಡಿಕೊಂಡ. ಕಿವಿ ಬಿಸಿಯಾಯಿತು. ಹಳೆಯ ಅಭ್ಯಾಸದಿಂದ ಅವನು ಬೈಗುಳಕ್ಕೆ ಕಾದ. ಯಾರೂ ಬೈಯಲಿಲ್ಲ. ಮಗಳು ಎದ್ದು ಬಂದು ಅವನ ತೋಳಿಗೆ ಹಣೆ ಆನಿಸಿ ನಗುತ್ತಿದ್ದಳು. ಪೇಂಟು ಕಂಪನಿಯವರು ಬಂದು ಕೂತರು, ಯತಿನ್ ನೀರು ತಂದಿಟ್ಟ. ಟೇಬಲ್ ಒರೆಸುವುದನ್ನೂ ಮರೆತು ಶಂಭು ಲೋಟ ಹಿಡಿದುಕೊಂಡೇ ನಿಂತಿದ್ದ. ತಳದಲ್ಲಿ ಉಳಿದಿದ್ದ ಒಂದು ಗುಟುಕು ಕಾಫಿ ಇನ್ನೂ ಬಿಸಿಯಾಗಿತ್ತು.