ಮೂರು ಸಲ ಹೂಂ

ಎರಡನೇ ಏಟಿಗೆ ಜುವಾರಿಯ ಹಲ್ಲು ಮುರಿದು ಅಂಗಳಕ್ಕೆ ಬಿತ್ತು. ಮತ್ತೆ ಕೈಯೆತ್ತಿದ ರುಸ್ದಿಯನ್ನು ಇಬ್ಬರು ಹಿಡಿದುಕೊಂಡರು.

"ಬಿಡ್ರೋ. ಅಣ್ಣ ಒಳಗಿದ್ದಾಗ ಹಲಗೆ ಒತ್ತೋ ಪ್ರೆಸ್ಸಿನ ಗುಂಡಿ ಒತ್ತಿದೋನು ಇವನೇ."

"ಬಾಗಿಲು ತೆರೆದಿದ್ರೆ ಪ್ರೆಸ್ ಇನ್ಮೇಲೆ ಇಳಿಯಲ್ಲ ಅಂತ ನಿಮ್ಮಣ್ಣನೇ ಹೇಳಿದ್ದ," ಜುವಾರಿ ರಕ್ತ ಉಗುಳಿದ.

ಶವಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಗ್ರೆಸಿಕ್ ಊರಿನ ಪ್ಲೈವುಡ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳ ತಂತ್ರಾಂಶ ನೋಡಿಕೊಂಡಿದ್ದ ರುಸ್ದಿಯ ಅಣ್ಣ ತುಕಿಮಿನ್‌ನ ಮುಖವನ್ನು ಹೆಂಡತಿ ಮಾರ್ಸಿಗೂ ತೋರಿಸಿರಲಿಲ್ಲ. ತೋರಿಸಲು ಮುಖ ಉಳಿದಿರಲಿಲ್ಲ.

ಅವನ ಸಹಾಯಕಿ ವೆನಿಂಗ್ ಹೆಂಗಸರ ನಡುವೆ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದಳು.

"ಮಹಾ ಜಿಪುಣ ನಿನ್ನ ಗುರು," ನೆರೆಮನೆಯ ಮುದುಕಿ ಪಿಸುಗುಟ್ಟಿದಳು. "ಕನ್ನಡಕಕ್ಕೆ ದಾರ ಕಟ್ಕೊಂಡೇ ಹತ್ತು ವರ್ಷ ದೂಡಿದ."

"ಜಿಪುಣ ಅಲ್ಲಜ್ಜಿ. ತಂತ್ರಾಂಶದ ತಿದ್ದುಪಡಿ, ಒಂದೊಂದು ಪ್ಯಾಚನ್ನೂ ಖರ್ಚು ನೋಡದೆ ಕಾಗದಕ್ಕಿಳಿಸಿ, ಬೆರಳಿಟ್ಟು ಓದ್ತಿದ್ರು."

* * *

ಸೋಮವಾರದ ಪ್ಯಾಚ್ ತುಕಿಮಿನ್‌ನೇ ಬರೆದದ್ದು: ಬಾಗಿಲು ತೆರೆದಿದ್ದರೆ ಪ್ರೆಸ್ ಇಳಿಯಕೂಡದು. ಬೆಳಿಗ್ಗೆಯೇ ಹಾಕಿ, ಬಾಗಿಲು ತೆರೆದೇ ಒಳಗೊಂದು ಪಪ್ಪಾಯಿ ಇಟ್ಟು ಜುವಾರಿಯಿಂದ ಗುಂಡಿ ಒತ್ತಿಸಿದ್ದ. ಪ್ರೆಸ್ ಕದಲಲಿಲ್ಲ. ಹಣ್ಣನ್ನು ಕೊಯ್ದು ಅವನಿಗೇ ತಿನ್ನಿಸಿದ್ದ.

ವೆನಿಂಗ್‌ಗೆ ಇದು ತಿಳಿದಿರಲಿಲ್ಲ. ಹನ್ನೊಂದಕ್ಕೆ ಮಿಂಚಂಚೆಯಲ್ಲಿ ಅದೇ ಪ್ಯಾಚ್ ಕಂಡು, ಅವನು ಹೇಳುವ ಮೊದಲೇ ಮುಗಿಸಿ ತೋರಿಸುವ ಉತ್ಸಾಹದಲ್ಲಿ ಗಣಕದ ಕಪ್ಪು ಪರದೆ ತೆರೆದು ಅದನ್ನು ಹಾಕಲು ಆಜ್ಞೆ ಕೊಟ್ಟಳು. 'ಇದನ್ನು ಮೊದಲೇ ಹಾಕಿದಂತಿದೆ. ತಿರುಗಿಸಿ ತೆಗೆಯಲೇ?' ಎಂದು ಗಣಕ ಕೇಳಿತು. ಮೂರು ಕಡತ, ಮೂರು ಪ್ರಶ್ನೆ. ಓದದೆ ಮೂರಕ್ಕೂ ಹೂಂ ಒತ್ತಿದಳು. ಅವನು ಸೇರಿಸಿದ್ದ ಸಾಲುಗಳೆಲ್ಲ, ಬಾಗಿಲಿನ ತಡೆಯೂ, ಕಳಚಿಹೋದವು. ಹಾಗೆಯೇ ಪ್ರೆಸ್ಸಿಗೆ ತುಂಬಿದಳು.

ಮಧ್ಯಾಹ್ನ ತುಕಿಮಿನ್ ಬಾಗಿಲು ತೆರೆದು, ಅಂಟಿದ ಗೋಂದು ಕೆರೆಯಲು ತಲೆ ಒಳಹಾಕಿದ. ಆಚೆ ಬದಿಯಲ್ಲಿದ್ದ ಜುವಾರಿಗೆ ಅವನು ಕಾಣಲಿಲ್ಲ; ಗುಂಡಿ ಒತ್ತಿದ. ಮೊದಲು ಕನ್ನಡಕ ಸಿಡಿದ ಸದ್ದು. ಆಮೇಲೆ ಹಸಿ ಬಿದಿರು ಸೀಳಿದಂಥದ್ದು.

* * *

ಆರು ಜನ ಪೆಟ್ಟಿಗೆಯನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದರು. ಸತ್ತವನಿಗೆ ಕೊನೆಯ ಗೌರವವಾಗಿ, ಊರಿನ ವಾಡಿಕೆಯಂತೆ, ಮನೆಯವರು ಅದರಡಿ ಮೂರು ಸಲ ನುಸುಳಿ ಹೋಗಬೇಕು.

"ಇದೊಂದು ಮುಗೀಲಿ," ರುಸ್ದಿ ಜುವಾರಿಯ ಕೊರಳಪಟ್ಟಿ ಹಿಡಿದ. ಇನ್ನೊಂದು ಕೈಯಲ್ಲಿ ಮಚ್ಚಿತ್ತು. "ಆಮೇಲೆ ನಿನ್ನ ಹೊಳೆ ದಂಡೆಗೆ ಕರ್ಕೊಂಡು ಹೋಗ್ತೀನಿ."

ವೆನಿಂಗ್ ಎದ್ದು ನಿಂತಳು. "ಅವನನ್ನ ಬಿಡಿ. ಬಾಗಿಲಿನ ತಡೆ ತೆಗೆದಿದ್ದು ನಾನು."

"ನೀನ್ಯಾಕೆ ತೆಗೀತೀಯ?"

"ತೆಗೀಲಾ ಅಂತ ಗಣಕ ಮೂರು ಸಲ ಕೇಳ್ತು. ಓದದೆ ಹೂಂ ಅಂದೆ."

ರುಸ್ದಿಯ ಹಿಡಿತ ಸಡಿಲಿತು. ಜುವಾರಿ ಕೊರಳಪಟ್ಟಿ ಬಿಡಿಸಿಕೊಂಡು ಪಕ್ಕಕ್ಕೆ ಸರಿದ.

ಮಾರ್ಸಿ ಬಂದವಳೇ ವೆನಿಂಗ್‌ಳ ಜಡೆ ಮುಷ್ಟಿಗೆ ಸುತ್ತಿಕೊಂಡು, ನೆಲಕ್ಕೆ ಕೆಡವಿ, ಪೆಟ್ಟಿಗೆಯಡಿ ದರದರನೆ ಎಳೆದಳು. ಹಲಗೆಯ ಸಂದಿನಿಂದ ಏನೋ ತೊಟ್ಟಿಕ್ಕಿ ಹುಡುಗಿಯ ಹಣೆಗೆ ಬಿತ್ತು. ಆಚೆ ತಲುಪಿದಾಗ ಮುಷ್ಟಿಯಲ್ಲಿ ಕಿತ್ತು ಬಂದ ಕೂದಲಿತ್ತು. ಮಾರ್ಸಿ ಅದನ್ನು ಕೊಡವಿ, ಉಳಿದ ಜಡೆ ಹಿಡಿದು ಎರಡನೇ ಸಲಕ್ಕೆ ತಿರುಗಿದಳು.

ಹೊತ್ತವರ ತೋಳುಗಳು ನಡುಗುತ್ತಿದ್ದವು. ಯಾರೂ ಪೆಟ್ಟಿಗೆ ಇಳಿಸಲಿಲ್ಲ.