ಬಲಗಡೆಯ ಜೇಬಿನ ಮೊಹರು

ನಮ್ಮ ಭಾವ ನಡೆಯುವಾಗ ಅವರ ಎಡಗೈ ಎಲ್ಲರ ಕೈಯಂತೆ ಬೀಸಿಕೊಂಡಿರುತ್ತಿತ್ತು, ಬಲಗೈ ಮಾತ್ರ ಕೋಟಿನ ಜೇಬನ್ನು ತಡವುತ್ತಲೇ ಇರುತ್ತಿತ್ತು. ಜೇಬಿನಲ್ಲಿದ್ದದ್ದು ಹಿತ್ತಾಳೆ ಹಿಡಿಯ ಮೊಹರು. ವಾಹನ ಪರವಾನಗಿ ಕಚೇರಿಯ ದಾಖಲೆ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಅವರು ಅದನ್ನೊತ್ತಿ ಸಹಿ ಹಾಕಿದರೆಂದರೆ ಯಕಶ್ಚಿತ್ ನಕಲೊಂದು ದೃಢೀಕೃತ ಪ್ರತಿಯಾಗಿ, ಯಾರೂ ಕಟಕಟೆ ಹತ್ತದೆಯೇ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುತ್ತಿತ್ತು. ಪರವಾನಗಿಯಿಲ್ಲದೆ ಓಡಿಸಿದವರು, ಅಮಾನತಾಗಿದ್ದರೂ ಓಡಿಸಿದವರು, ಎಲ್ಲರ ಹಣೆಬರಹವೂ ಆ ಜೇಬಿನಲ್ಲಿ ತೂಗುತ್ತಿದ್ದುದರಿಂದ ಕೋಟು ಒಂದು ಕಡೆಗೆ ಜೋತುಬಿದ್ದು, ನಡಿಗೆಯೂ ತುಸು ಬಲಕ್ಕೆ ವಾಲಿತ್ತು. ಕಚೇರಿಯ ಕಪಾಟಿನಲ್ಲಿಟ್ಟು ಬರಬಹುದಿತ್ತು ನಿಜ. ಆದರೆ ಕಪಾಟನ್ನು ನಂಬುವ ಜಾಯಮಾನ ಅವರದಲ್ಲ.

ಬೀಗವನ್ನೂ ನಂಬುತ್ತಿರಲಿಲ್ಲ. ಎಳೆದು ನೋಡಿ ಗೇಟಿನ ತನಕ ಹೋದವರು ಮತ್ತೆ ಬಂದು ಎಳೆಯುತ್ತಿದ್ದರು. "ಅದಕ್ಕೂ ಒಂದು ಮೊಹರು ಒತ್ತಿಬಿಡಿ, ಹೊರಡೋಣ" ಎಂದು ನಮ್ಮಕ್ಕ ರೇಗುತ್ತಿದ್ದಳು. ಮೆಚ್ಚುಗೆಯ ಮಾತಂತೂ ಅವರ ಬಾಯಲ್ಲಿ ಒಂದೇ ಇತ್ತು: "ಮೂಲಕ್ಕೆ ತಾಳೆಯಾಗುತ್ತೆ." ನನ್ನ ಮಗಳು ಹುಟ್ಟಿದಾಗ ತೊಟ್ಟಿಲ ಸುತ್ತ ನಿಂತವರೆಲ್ಲ ಮುತ್ತಿನಂಥ ಕೂಸು ಎಂದು ಹೊಗಳುತ್ತಿದ್ದರೆ, ಭಾವ ಕೂಸಿನ ಮುಖ ನೋಡಿ, ನನ್ನ ಮುಖ ನೋಡಿ, ಆ ಮಾತನ್ನೇ ಗಂಭೀರವಾಗಿ ಉಚ್ಚರಿಸಿದರು. ನನ್ನ ಹೆಂಡತಿ ವಾರಗಟ್ಟಲೆ ಅವರ ಮೇಲೆ ಮುನಿಸಿಕೊಂಡಿದ್ದಳು.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದು ನಿಂತರು. ಬೆಳಿಗ್ಗೆ ಸಹಿ ಹಾಕಿದ ಪ್ರತಿಗಳಲ್ಲಿ ಒಂದು ಶಾಲಾ ವ್ಯಾನ್ ಓಡಿಸುವ ಹೆಂಗಸಿನದು. ಪರವಾನಗಿ ಅಮಾನತಿನಲ್ಲಿದ್ದಾಗಲೇ ವಾಹನ ಓಡಿಸಿದಳೆಂಬ ಆರೋಪ, ಮರುದಿನವೇ ವಿಚಾರಣೆ. ಅದರಲ್ಲಿದ್ದ ಫೋಟೋದ ಮುಖ ಎಲ್ಲಿ ಕಂಡದ್ದೆಂದು ಈಗ ನೆನಪಾಗಿತ್ತು. ಆರೋಪದ ದಿನಕ್ಕೂ ಎಷ್ಟೋ ಮುಂಚೆಯೇ ಅಮಾನತು ರದ್ದಾದ ಆದೇಶ ಹಿಡಿದು ಆಕೆ ಕಚೇರಿಗೆ ಬಂದಿದ್ದಳು, ಯಾವ ಕಿಟಕಿಯಲ್ಲಿ ಕೊಡಬೇಕೆಂದು ತೋರಿಸಿದವರು ಸ್ವತಃ ಭಾವ. "ಹಲ್ಲುನೋವಿಗೆ ಕೆನ್ನೆ ಹಿಡ್ಕೊಂಡಂಗೆ ಜೇಬು ಹಿಡ್ಕೊಂಡಿದೀರಲ್ಲ ಸಾರ್" ಎಂದು ಆಕೆ ನಕ್ಕಿದ್ದಳು. ಆದೇಶವನ್ನು ಒಳಗಿನವರು ತೆಗೆದುಕೊಂಡದ್ದನ್ನೂ ಭಾವ ನೋಡಿದ್ದರು. ಆದರೆ ದಾಖಲೆಗೆ ಅದು ಏರಿಯೇ ಇರಲಿಲ್ಲ.

ಆ ಮಧ್ಯಾಹ್ನವಿಡೀ ಕಿಟಕಿಯವರ ಕಂತೆಗಳನ್ನೆಲ್ಲ ಜಾಲಾಡಿದರು, ಸಿಗಲಿಲ್ಲ. ಮೇಲಧಿಕಾರಿ, "ದಾಖಲೇಲಿ ಇರೋದನ್ನ ದೃಢೀಕರಿಸಿದೀರಿ, ನಿಮ್ಮ ಕೆಲಸ ಮುಗೀತು. ಸುಮ್ಮನಿರಿ" ಎಂದರು. ಭಾವನಿಗೆ ಬಾರದ ವಿದ್ಯೆಯೆಂದರೆ ಅದೊಂದೇ. ಬೆಳಗಾಗುತ್ತಲೇ ನನ್ನ ಸ್ಕೂಟರಿನ ಹಿಂದೆ ಕೂತು, ದಾರಿಯುದ್ದಕ್ಕೂ "ಬೇಗ ಹೋಗಪ್ಪ" ಎಂದು ಒಮ್ಮೆ, "ವೇಗ ಜಾಸ್ತಿ ಆಯ್ತು" ಎಂದು ಒಮ್ಮೆ ನನ್ನ ಪ್ರಾಣ ಹಿಂಡಿದರು.

ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಪ್ರತಿಯನ್ನು ಮೇಲಕ್ಕೆ ಕೊಟ್ಟು ಕೂತರು. ಹೆಂಗಸು, "ಆದೇಶ ಕೊಟ್ಟಿದೀನಿ ಸ್ವಾಮಿ, ನನ್ನ ಹತ್ರ ಇದ್ದದ್ದು ಅದೊಂದೇ ಪ್ರತಿ" ಎಂದಳು. ನ್ಯಾಯಾಧೀಶರು ಮೊಹರನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅವರು ಯಾವುದನ್ನು ನಂಬುತ್ತಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳ ಕೆಲಸ ಹೋಗುವುದಿತ್ತು, ಜೈಲೂ ಆಗಬಹುದಿತ್ತು. ಹಿಂದಿನ ಬೆಂಚಿನಿಂದ ಭಾವ ಎದ್ದು ತಾವು ಯಾರೆಂದು ಹೇಳಿದರು.

"ನಿಮ್ಮ ಕಾಗದ ಬಂದಿದೆಯಲ್ಲ, ನೀವ್ಯಾಕೆ ಬಂದ್ರಿ?" ಎಂದರು ನ್ಯಾಯಾಧೀಶರು.

"ಕಾಗದ ಮೂಲಕ್ಕೆ ತಾಳೆಯಾಗುತ್ತೆ ಸ್ವಾಮಿ. ಮೂಲಾನೇ ತಪ್ಪು. ಈಕೆ ಆದೇಶ ಕೊಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

ಭಾವನ ಬಲಗೈ ಜೇಬಿನ ಮೇಲಿರಲಿಲ್ಲ, ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ನನಗೆ ಆ ಕ್ಷಣ ಅವರ ಮೇಲೆ ಉಕ್ಕಿದ ಪ್ರೀತಿಯನ್ನು ನಾನು ಈವರೆಗೆ ಅವರಿಗೆ ಹೇಳಿಲ್ಲ.

ಆದೇಶ ಹೊರಡಿಸಿದ ಕಡೆಯಿಂದಲೇ ಪ್ರತಿ ತರಿಸಿದ ಮೇಲೆ ಆಕೆ ಬಿಡುಗಡೆಯಾದಳು, ಮತ್ತೆ ವ್ಯಾನಿನ ಸ್ಟೀರಿಂಗ್ ಹಿಡಿದಳು. ಭಾವನಿಗೆ ಮೇಲಧಿಕಾರಿಯಿಂದ ನೋಟೀಸು ಬಂತು. ಅದಕ್ಕಿಂತ ದೊಡ್ಡ ಫಜೀತಿಯೆಂದರೆ, ಆಮೇಲೆ ಪ್ರತಿ ವಕೀಲನೂ "ಕಾಗದ ಸಾಲದು, ಆ ಮನುಷ್ಯನನ್ನೂ ಕರೆಸಿ" ಎಂದು ಪಟ್ಟು ಹಿಡಿಯತೊಡಗಿದ. ಕಚೇರಿಗೂ ನ್ಯಾಯಾಲಯಕ್ಕೂ ಓಡಾಡಿ ಭಾವನ ಚಪ್ಪಲಿ ಸವೆಯಿತು. ಈಗ ಸಹಿಗೆ ಮುನ್ನ ಕಿಟಕಿಯ ಕಂತೆಗಳನ್ನೆಲ್ಲ ತಾವೇ ತಿರುವಿಹಾಕುತ್ತಾರೆ. ಸಹೋದ್ಯೋಗಿಗಳು ಬೆನ್ನ ಹಿಂದೆ ಶಪಿಸುತ್ತಾರೆ.

ಇಂಥವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ, ನಮ್ಮಕ್ಕನನ್ನು ಕೇಳಿ. ತಮಗೂ ನೆಮ್ಮದಿಯಿಲ್ಲ, ಸುತ್ತಲಿನವರಿಗೂ ಕೊಡುವುದಿಲ್ಲ. ನಿಶ್ಚಿಂತರು ಸಹಿ ಹಾಕಿ ಮನೆಗೆ ಹೋಗುತ್ತಾರೆ. ಇವರು ಮನೆಗೆ ಹೋದ ಮೇಲೂ ಸಹಿ ಹಾಕುತ್ತಲೇ ಇರುತ್ತಾರೆ. ಆದರೂ ನಾನಿಲ್ಲದ ಕಡೆ ಕಾಗದವೊಂದು ನನ್ನ ವಿರುದ್ಧ ಸಾಕ್ಷಿ ಹೇಳುವ ದಿನ ಎಂದಾದರೂ ಬಂದರೆ, ಅದಕ್ಕೆ ಮೊಹರೊತ್ತಿದವನು ಊಟದ ನಡುವೆ ಎದ್ದು ನಿಲ್ಲುವವನಾಗಿರಲಿ ಎಂದಷ್ಟೇ ನನ್ನ ಬೇಡಿಕೆ.