ಖಾಮ್ಸಾಯ್ ಕೊಟ್ಟ ಮಾಂಸ

ನೂಡಲ್ ಅಂಗಡಿಯ ಕೆಲಸ ಮುಗಿಸಿ ಬಂದ ಮಾಲಿವನ್ ಸೈಕಲ್ಲನ್ನು ಮನೆಯ ಕಂಬಕ್ಕೆ ಒರಗಿಸುವಷ್ಟರಲ್ಲೇ ಆ ಸದ್ದು ಕಿವಿಗೆ ಬಿತ್ತು. ಟಕ್ ಟಕ್ ಟಕ್ ಟಕ್. ಮರದ ಕೊರಡಿನ ಮೇಲೆ ಮಾಂಸ ಕೊಚ್ಚುವ ಸದ್ದು. ಒಂದು ಮನೆಯಿಂದಲ್ಲ, ಬೀದಿಯ ಎರಡೂ ಬದಿಯಿಂದ ಬರುತ್ತಿತ್ತು. ಕೊಚ್ಚಿದ ಮಾಂಸಕ್ಕೆ ಹುಳಿ ಖಾರ ಕಲಸಿ ಲಾಪ್ ಮಾಡುವ ಮನೆಯ ಗುಟ್ಟನ್ನು ಆ ಮನೆಯ ಕೊರಡೇ ಬಿಟ್ಟುಕೊಡುತ್ತದೆ. ಸದ್ದು ಕೇಳಿದ ಪಕ್ಕದವನು ತನ್ನ ಅನ್ನದ ಬುಟ್ಟಿ ಹಿಡಿದುಕೊಂಡು ಕರೆಯದೆ ಬಂದು ಕೂರುತ್ತಾನೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅಂಥ ಗದ್ದಲ ಏಳುವುದು ಮದುವೆಗೋ ಹಬ್ಬಕ್ಕೋ. ಬರೀ ಬುಧವಾರದ ಸಂಜೆ ಇಡೀ ಬೀದಿ ಕೊಚ್ಚುತ್ತಿದೆ ಎಂದರೆ ಯಾರದೋ ಹಟ್ಟಿಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ಕಂಬಗಳ ಮೇಲೆ ನಿಂತ ಮನೆಯ ಏಣಿ ಹತ್ತಿದರೆ ಜಗಲಿಯ ಚಾಪೆಯ ಮೇಲೆ ಅವಳ ಮಾವ ಥಿತ್ ಫಾನ್, ಎದುರಿಗೆ ಪಕ್ಕದ ಮನೆಯ ಖಾಮ್ಸಾಯ್. ನಡುವೆ ಅಕ್ಕಿ ಸಾರಾಯಿಯ ಬಾಟಲಿ, ಇಬ್ಬರಿಗೂ ಸೇರಿ ಒಂದೇ ಲೋಟ. ಮಾವ ಹರೆಯದಲ್ಲಿ ಮೂರು ಮಳೆಗಾಲ ಭಿಕ್ಷುವಾಗಿದ್ದು ಬಂದವರು, ಹೆಸರಿನ ಮುಂದಿರುವ ಥಿತ್ ಅದರ ಗುರುತು. ಭಿಕ್ಷುಗಳಿಗೆ ಹಸಿ ಮಾಂಸ ಕೂಡದು. ಆ ಮೂರು ಮಳೆಗಾಲದ ನಷ್ಟವನ್ನು ಆಮೇಲಿನ ಐವತ್ತು ವರ್ಷ ಹಸಿ ಲಾಪ್ ತಿಂದು ತುಂಬಿಕೊಂಡರು ಎಂದು ಊರವರು ಅವರೆದುರಿಗೇ ಛೇಡಿಸುತ್ತಿದ್ದರು.

"ಬಾ ಮಗಳೇ, ಬಾ. ಇವತ್ತು ನಿಂಗೆ ಏನ್ ಸಾರು ಮಾಡ್ಲಿ ಅನ್ನೋ ಚಿಂತೆ ಇಲ್ಲ," ಎಂದ ಖಾಮ್ಸಾಯ್. "ನಮ್ಮ ಕೆಂಪಿ ಹೋದ್ಲು."

"ಅಯ್ಯೋ, ಏನಾಗಿತ್ತು ದೊಡ್ಡಪ್ಪ?"

"ಏನಾಗಿತ್ತೋ ಏನೋ! ಬೆಳಿಗ್ಗೆ ಚೆನ್ನಾಗೇ ಮೇಯ್ತಾ ಇದ್ಲು. ಮಧ್ಯಾಹ್ನ ಧೊಪ್ಪಂತ ಬಿದ್ಲು. ಉಸಿರು ಹೋಗೋಕ್ ಮುಂಚೆ ಕತ್ತಿ ಹಾಕ್ದೆ. ಮಣ್ಣಿಗೆ ಹಾಕೋ ಬದ್ಲು ನಾಲ್ಕು ಮನೆಯೋರು ತಿನ್ಲಿ ಅಂತ. ಒಂದೇ ಬೇಜಾರು ನೋಡು, ರಕ್ತದ್ದೂ ಒಂದು ಅಡುಗೆ ಮಾಡೋಣ ಅಂದ್ರೆ ಹೆಪ್ಪೇ ಕಟ್ಲಿಲ್ಲ. ಕಪ್ಪಗೆ, ನೀರು ನೀರಾಗಿ ಹಾಗೇ ಇತ್ತು. ಕಾದೆ, ಕಾದೆ, ಕೊನೆಗೆ ಚೆಲ್ಲಿಬಿಟ್ಟೆ."

ಈ ಮಾತನ್ನು ಮಾಲಿವನ್ ಹಿಂದೊಮ್ಮೆ ಕೇಳಿದ್ದಳು. ಆಗ ಅವಳಿಗೆ ಹನ್ನೆರಡು ವರ್ಷ. ತವರಿನಲ್ಲಿ ಯಾರದೋ ಎಮ್ಮೆ ಹೀಗೇ ಬಿದ್ದಿತ್ತು, ಅದರ ರಕ್ತವೂ ಕಪ್ಪಗೆ ನೀರಾಗಿಯೇ ಉಳಿದಿತ್ತು. ಹಸಿ ಲಾಪ್ ತಿಂದವರಲ್ಲಿ ಅವಳ ಅಣ್ಣನೂ ಇದ್ದ. ಮೂರನೇ ದಿನ ಜ್ವರ, ನಾಲ್ಕನೇ ದಿನ ಹೊಟ್ಟೆ ಉಬ್ಬರ, ಆರನೇ ದಿನ ಅವನ ಹೆಣವನ್ನು ಊರ ಹೊರಗೆ ಸುಟ್ಟರು. ಚರ್ಮ ಸುಲಿದಿದ್ದ ಇಬ್ಬರ ಕೈಯಲ್ಲಿ ಕಪ್ಪು ಹಕ್ಕಳೆಯ ಹುಣ್ಣು ಎದ್ದಿತ್ತು. ಆಮೇಲೆ ಬಂದ ಡಾಕ್ಟರು, ಹಾಗೆ ಬಿದ್ದ ದನವನ್ನು ಮುಟ್ಟಲೂ ಬಾರದು ಎಂದು ಹೇಳಿ ಹೋದರು. ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡರು, ಎರಡು ವರ್ಷದಲ್ಲಿ ಮರೆತರು.

ಅವಳು ಮರೆತಿರಲಿಲ್ಲ. ಆದರೆ ಈಗ ಹೇಳುವುದು ಹೇಗೆ? ಬಿದ್ದ ದನದ ಪಾಲನ್ನು ಮನೆಯ ಯಜಮಾನ ತಾನೇ ಬಾಳೆಲೆಯಲ್ಲಿ ಕಟ್ಟಿ ತಂದು ಕೊಡುತ್ತಾನೆ. ಬೇಡ ಎಂದರೆ, ನೀನು ನಮಗೆ ಹೆಣ ತಿನ್ನಿಸುತ್ತಿದ್ದೀಯಾ ಎಂದು ಅವನ ಮುಖಕ್ಕೆ ಉಗಿದಂತೆ. ಅದೂ ಖಾಮ್ಸಾಯ್‌ಗೆ! ಅವಳ ಮದುವೆಯ ದಿನ ಮಳೆಯಲ್ಲಿ ಚಪ್ಪರ ಕುಸಿದಾಗ ತನ್ನ ಮನೆಯ ಜಗಲಿಯನ್ನೇ ಬಿಟ್ಟುಕೊಟ್ಟ ಮನುಷ್ಯ.

ಅವಳು ಹಿಂದಿನ ಅಡುಗೆಮನೆಗೆ ಹೋದಳು.

ಗಂಡ ಉದೋನ್ ಅಂಗಿ ಬಿಚ್ಚಿಟ್ಟು ಕೊರಡಿನ ಮುಂದೆ ಕೂತಿದ್ದ. ಅವನು ಗಾರೆ ಕೆಲಸದವನು, ತೋಳಿನಲ್ಲಿ ಕಸುವಿತ್ತು, ಮಾಂಸ ಅಷ್ಟರಲ್ಲೇ ನುಣ್ಣಗಾಗಿತ್ತು. ಈ ಮನೆಯಲ್ಲಿ ದಿನದ ಅಡುಗೆ ಅವಳದು, ಲಾಪ್ ಮಾತ್ರ ಅವನದು. ಪಕ್ಕದಲ್ಲಿ ಹುರಿದ ಅಕ್ಕಿಯ ಪುಡಿ, ಒಣಮೆಣಸಿನ ಪುಡಿ, ಹುಳಿಸಿದ ಮೀನಿನ ರಸ, ನಿಂಬೆಹಣ್ಣು, ಪುದಿನ, ಒಂದು ತಟ್ಟೆ ಲೆಟ್ಯೂಸ್ ಎಲೆ, ಬಟ್ಟಲಲ್ಲಿ ಕಹಿಗೆಂದು ಎರಡು ಹನಿ ಪಿತ್ತರಸ. ಕೊಚ್ಚಿದ ಮೇಲೆ ಇನ್ನೇನಿದೆ, ಕಲಸಿದರೆ ಊಟ.

"ರೀ, ಇವತ್ತು ಇದನ್ನ ಹುರಿಯೋಣ."

"ಹುರಿಯೋದಾ? ಅಪ್ಪಂಗಾ? ಕಾಯಿಲೆಯವ್ರಿಗೆ ಗಂಜಿ ಕೊಟ್ಟ ಹಾಗೆ ಆಗುತ್ತೆ ಕಣೇ."

"ರಕ್ತ ಹೆಪ್ಪು ಕಟ್ಲಿಲ್ವಂತೆ. ನಮ್ಮಣ್ಣಂಗೆ ಆದಾಗ್ಲೂ..."

"ಮಾಲಿ!" ಅವನು ಜಗಲಿಯ ಕಡೆ ನೋಡಿ ದನಿ ತಗ್ಗಿಸಿದ. "ಕೇಳಿಸ್ಕೋತಾರೆ. ನಿಮ್ಮಣ್ಣಂಗೆ ಬಂದಿದ್ದು ಅದ್ಯಾವ್ದೋ ಜ್ವರ. ನಿಂಬೆಹಣ್ಣು ಹಿಂಡಿದ್ರೆ ಮಾಂಸ ಬೆಂದ ಹಾಗೇ ಅಲ್ವಾ? ಬಣ್ಣ ತಿರುಗೋದು ನೀನೇ ನೋಡಿಲ್ವಾ? ಇನ್ನೂ ಏನಾದ್ರೂ ಉಳಿದಿದ್ರೆ ಸಾರಾಯಿ ವಿಚಾರಿಸ್ಕೊಳ್ಳುತ್ತೆ."

ನಿಂಬೆರಸ ಮತ್ತು ಸಾರಾಯಿ. ಆ ಊರಿನ ಗಂಡಸರು ಓದಿದ ವೈದ್ಯವೆಲ್ಲ ಇಷ್ಟೇ, ಅದನ್ನು ಹೇಳುವಾಗಿನ ಗತ್ತಿಗೆ ಮಾತ್ರ ಯಾವ ಡಾಕ್ಟರೂ ಸಾಟಿಯಿಲ್ಲ. ಇವನ ಜೊತೆ ವಾದಿಸಿ ಗೆಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬಟ್ಟಲನ್ನು ಕೈಜಾರಿದಂತೆ ಬೀಳಿಸಿಬಿಡಲೇ ಎಂದೂ ಯೋಚಿಸಿದಳು. ಬೀಳಿಸಿದರೆ ಖಾಮ್ಸಾಯ್ ನಗುತ್ತಾ ಎದ್ದು ಹೋಗಿ ಇನ್ನೊಂದು ತೊಡೆ ತರುತ್ತಾನೆ, ಅವನ ಮನೆಯಲ್ಲಿ ಒಂದು ಇಡೀ ಹಸುವೇ ಬಿದ್ದಿದೆ. ಉಳಿದ ದಾರಿ ಒಂದೇ. ಅದು ಚಾಪೆಯ ಮೇಲೆ ಹೋಗುವ ಮುಂಚೆ ಕಾದ ಬಾಣಲೆಗೆ ಸುರಿದುಬಿಡಬೇಕು, ತಪ್ಪಾಯಿತು ಎಂದು ಕೈಮುಗಿಯಬೇಕು.

ಅವಳು ಬಾಣಲೆ ಹಿಡಿದು ಹಿಂದಿನ ಏಣಿಯಿಂದ ಅಂಗಳಕ್ಕೆ ಇಳಿದಳು. ಒಲೆ ಇದ್ದದ್ದು ಅಲ್ಲಿ. ಇದ್ದಿಲು ಮೊನ್ನೆಯ ಮಳೆಗೆ ತೇವವಾಗಿತ್ತು. ಕಡ್ಡಿ ಗೀರಿದಳು, ಊದಿದಳು, ಬೀಸಣಿಗೆ ಆಡಿಸಿದಳು. ಹೊಗೆ ಎದ್ದಿತೇ ಹೊರತು ಕೆಂಡ ಆಗಲಿಲ್ಲ. ಮೇಲೆ ಕೊಚ್ಚುವ ಸದ್ದು ನಿಂತಿತು. ಕಲಸಲು ಎಷ್ಟು ಹೊತ್ತು ಬೇಕು! ಹೇಗಾದರೂ ಅವನನ್ನು ತಡೆಯಬೇಕು.

"ರೀ," ಎಂದು ಕೆಳಗಿನಿಂದಲೇ ಕೂಗಿದಳು, "ಹುಳಿ ಸಾಕಾ ನೋಡಿ! ಕಮ್ಮಿ ಆದ್ರೆ ಮಾವ ಮುಟ್ಟಲ್ಲ."

"ಇರು, ನೋಡ್ತೀನಿ." ಸ್ವಲ್ಪ ಹೊತ್ತು ಮೌನ. "ಹೌದು ಕಣೇ, ಇನ್ನೊಂದು ಹಣ್ಣು ಬೇಕು."

ಹಲಗೆಯ ಮೇಲೆ ಅವನು ಓಡಾಡುವ ಸದ್ದು ಕೇಳಿಸಿತು. ಅವಳು ಬೂದಿ ಕೆದಕಿದಳು. ಒಂದು ಇದ್ದಿಲಿನ ಮೂಲೆ ಕೆಂಪಗಾಯಿತು.

"ಉಪ್ಪು?"

"ಉಪ್ಪು..." ಮತ್ತೆ ಮೌನ. "ಉಪ್ಪು ಸರಿಯಿದೆ."

"ಹುಳಿ ಹಾಕಿದ್ ಮೇಲೆ ಉಪ್ಪು ಕಮ್ಮಿ ಆಗಿರುತ್ತೆ, ಸರಿಯಾಗಿ ನೋಡಿ!"

"ಲೇ, ಯಾರು ಯಾರಿಗೆ ಲಾಪ್ ಹೇಳ್ಕೊಡೋದು?" ಎಂದು ನಕ್ಕ. ಆದರೂ ನೋಡಿದ. ಉಪ್ಪು ನಿಜವಾಗಿಯೂ ಕಡಿಮೆಯಾಗಿತ್ತಂತೆ.

ಜಗಲಿಯಿಂದ ಮಾವನ ದನಿ ಬಂತು: "ಏನೋ ಉದೋನ್, ನಾಳೆ ಬೆಳಿಗ್ಗೆ ಊಟಕ್ಕಾ?"

"ಬಂತಪ್ಪಾ, ನಿನ್ ಸೊಸೆ ಬಿಡ್ಬೇಕಲ್ಲ!"

ಅವಳು ಬಿಡಲಿಲ್ಲ. ಖಾರ ಕೇಳಿದಳು. ಅಕ್ಕಿ ಪುಡಿ ಹೆಚ್ಚಾಯಿತೇ ಎಂದು ಕೇಳಿದಳು. ಪಿತ್ತರಸ ಹಾಕಿದ ಮೇಲೆ ಕಹಿ ಮುಂದಾಯಿತೇ ಎಂದು ಕೇಳಿದಳು. ಪ್ರತಿ ಸಲವೂ ಮೇಲಿನಿಂದ ಇರು ಎಂಬ ಮಾತು, ಮೌನ, ಆಮೇಲೆ ಉತ್ತರ. ಪ್ರತಿ ಮೌನಕ್ಕೂ ಅವಳು ಮನಸ್ಸಿನಲ್ಲೇ ಕೈಮುಗಿದಳು, ಅಷ್ಟು ಹೊತ್ತು ಸಿಕ್ಕಿತಲ್ಲ ಎಂದು. ಕೊನೆಗೂ ಕೆಂಡ ಹತ್ತಿತು. ಬಾಣಲೆ ಕಾದು ಹೊಗೆಯಾಡಿತು.

"ಇಲ್ಲಿ ತನ್ನಿ, ಪುದಿನ ನಾನು ಸೇರಿಸ್ತೀನಿ."

ಅವನು ಬಟ್ಟಲು ಹಿಡಿದು ಇಳಿದು ಬಂದ. ಕೆಂಪು ಮಾಂಸ ನಿಂಬೆರಸಕ್ಕೆ ಅಂಚಿನಲ್ಲಿ ಮಾತ್ರ ಬೂದುಬಣ್ಣಕ್ಕೆ ತಿರುಗಿತ್ತು. ಅವಳು ಅದನ್ನು ಕಿತ್ತುಕೊಂಡು ಒಂದೇ ಸಲಕ್ಕೆ ಬಾಣಲೆಗೆ ಸುರಿದಳು.

"ಏಯ್! ಏನ್ ಮಾಡ್ದೆ ನೀನು?"

ಅವಳು ಸೌಟಿನಿಂದ ಕೆದಕಿದಳು, ಒತ್ತಿದಳು, ತಿರುವಿದಳು. ನೀರೆಲ್ಲ ಆರಿ ತಳ ಹಿಡಿಯುವವರೆಗೆ ಬಿಡಲಿಲ್ಲ. ಉದೋನ್ ತಲೆಯ ಮೇಲೆ ಕೈಹೊತ್ತು ನೋಡುತ್ತಾ ನಿಂತ. ಹೆಂಡತಿಗೆ ಹುಚ್ಚು ಹಿಡಿದಿದೆ ಎಂದೇ ಅವನು ತಿಳಿದಿರಬೇಕು.

ಚಾಪೆಯ ನಡುವೆ ಬಟ್ಟಲು ಇಟ್ಟಾಗ ಮಾವ ಅದರೊಳಗೆ ಬಗ್ಗಿ ನೋಡಿದರು, ಆಮೇಲೆ ಸೊಸೆಯನ್ನು ನೋಡಿದರು.

"ನನ್ನ ಹಲ್ಲೆಲ್ಲ ಬಿದ್ದೋಗಿದೆ ಅಂತ ಯಾರಮ್ಮಾ ನಿಂಗೆ ಹೇಳಿದ್ದು?"

"ತಪ್ಪಾಯ್ತು ಮಾವ. ಇವ್ರು ಹುರಿ ಅಂದ್ರು ಅನ್ಕೊಂಡೆ."

"ಹೋಗ್ಲಿ ಬಿಡೋ ಥಿತ್, ಮಗು ಏನೋ ಮರ್ತು ಮಾಡಿದೆ," ಎಂದ ಖಾಮ್ಸಾಯ್. "ನಮ್ಮನೇಲಿ ಹಸೀದು ಕಾಯ್ತಾ ಇದೆ. ನಾನು ಬರೋವರ್ಗೂ ಯಾರೂ ಮುಟ್ಟಲ್ಲ. ಇದನ್ನ ಬಾಯಿಗೆ ಹಾಕ್ಕೊಂಡು ಅಲ್ಲಿಗೇ ಹೋಗೋಣ." ಅವನು ಒಂದು ಲೆಟ್ಯೂಸ್ ಎಲೆ ಅಂಗೈಯಲ್ಲಿ ಹರಡಿ, ಮೇಲೆ ಮಾಂಸ, ಎರಡು ಎಲೆ ಪುದಿನ ಇಟ್ಟು ಮಡಿಚಿ, ಒಂದೇ ತುತ್ತಿಗೆ ಬಾಯಿಗೆ ತುಂಬಿಕೊಂಡ.

ಅವನಿಗೆ ಹೇಳಬೇಕಿತ್ತು. ಮಾವನನ್ನು ತಡೆಯಬೇಕಿತ್ತು. ಬೀದಿಯ ಉಳಿದ ಮನೆಗಳೂ ಇದ್ದವು. ಮಾಲಿವನ್ ತಲೆ ತಗ್ಗಿಸಿ ಕೂತಳು. ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಹೆಚ್ಚಾಗಿ ನೆಮ್ಮದಿಯಾಯಿತು. ತನ್ನ ಗಂಡ ಉಳಿದನಲ್ಲ, ಸದ್ಯಕ್ಕೆ ಅವಳಿಗೆ ಅಷ್ಟೇ ಸಾಕಾಗಿತ್ತು. ಮಾವನನ್ನು ಆಮೇಲೆ ಯಾವುದಾದರೂ ನೆಪ ಹೇಳಿ ನಿಲ್ಲಿಸಿದರಾಯಿತು ಎಂದುಕೊಂಡಳು.

ಉದೋನ್ ಮಾತ್ರ ತಟ್ಟೆಗೆ ಕೈ ಹಾಕಿರಲಿಲ್ಲ. ಗೋಡೆಗೆ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

"ಯಾಕ್ರೀ, ಮುನಿಸಾ? ಎರಡು ತುತ್ತು ತಿನ್ನಿ."

"ಮುನಿಸೂ ಇಲ್ಲ, ಏನೂ ಇಲ್ಲ. ಹೊಟ್ಟೇಲಿ ಜಾಗ ಎಲ್ಲಿದೆ?" ಎಂದು ಅವನು ನಕ್ಕ. "ಹುಳಿ ನೋಡಿ, ಉಪ್ಪು ನೋಡಿ, ಖಾರ ನೋಡಿ, ಅದೆಷ್ಟು ಸಲ ರುಚಿ ನೋಡಿಸ್ದೆ!"

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಬೆರಳಲ್ಲಿ... ಬೆರಳ ತುದೀಲಿ ನೋಡಿದ್ರಾ?"

"ಬೆರಳು ನೆಕ್ಕಿದ್ರೆ ಲಾಪ್ ರುಚಿ ಗೊತ್ತಾಗುತ್ತಾ? ಎಲೇಲಿ ಸುತ್ತಿ ತಿಂದ್ರೇನೇ ಉಪ್ಪು ಹುಳಿ ತಿಳಿಯೋದು. ಕೇಳು ಬೇಕಾದ್ರೆ, ಅಪ್ಪನೇ ಕಲಿಸಿದ್ದು."

"ಮತ್ತೆ!" ಎಂದರು ಮಾವ, ಮೊದಲ ಸಲ ಖುಷಿಯಿಂದ.

ಲಾಪ್ ಮಾಡುವವನು ಹೀಗೆಯೇ ರುಚಿ ನೋಡುತ್ತಾನೆ ಎಂದು ಅವಳಿಗೂ ಗೊತ್ತಿತ್ತು, ಹುಟ್ಟಿದಾಗಿನಿಂದ ನೋಡಿದ್ದಳು. ಒಲೆಯ ಮುಂದೆ ಅದೊಂದು ತಲೆಗೆ ಹೊಳೆಯಲೇ ಇಲ್ಲ. ಅವನು ಸುಮ್ಮನೆ ಕಲಸಿ ತಂದಿದ್ದರೆ ಒಂದು ತುತ್ತು ತಿನ್ನುತ್ತಿದ್ದನೋ ಏನೋ. ಉಳಿದದ್ದನ್ನೆಲ್ಲ ಅವಳೇ ಕೂಗಿ ಕೂಗಿ ತಿನ್ನಿಸಿದ್ದಳು.

ಅವಳು ಎದ್ದು ನಿಂತಳು. "ಏಳಿ. ಬೈಕ್ ತೆಗೀರಿ. ಜಿಲ್ಲಾ ಆಸ್ಪತ್ರೆಗೆ ಹೋಗೋಣ."

"ಯಾರಿಗೇನಾಯ್ತೇ?"

"ಮೆತ್ತಗೆ ಮಾತಾಡು ಸೊಸೆ," ಎಂದರು ಮಾವ. "ಮನೇಲಿ ನೆಂಟರು ಕೂತಿದಾರೆ."

ಮಾಲಿವನ್ ನೆಂಟನ ಕಡೆಗೇ ತಿರುಗಿದಳು. "ದೊಡ್ಡಪ್ಪ, ನಿಮ್ಮ ಹಸು ರೋಗದಿಂದ ಬಿತ್ತು. ಆ ಮಾಂಸ ತಿಂದ್ರೆ ಸಾಯ್ತಾರೆ. ನಮ್ಮಣ್ಣ ಸತ್ತ. ರಕ್ತ ಹೆಪ್ಪು ಕಟ್ಲಿಲ್ಲ ಅಂತ ನೀವು ಅಂದಾಗ್ಲೇ ನಂಗೆ ಗೊತ್ತಾಯ್ತು, ಹೇಳ್ಲಿಲ್ಲ, ತಪ್ಪು ನಂದು. ಹೊಡೀರಿ ಬೇಕಾದ್ರೆ. ಆದ್ರೆ ಮನೇಗ್ ಹೋಗಿ ಆ ಬಟ್ಟಲನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

ಖಾಮ್ಸಾಯ್‌ನ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು. ಅವನ ಮುಖ ಮೊದಲು ಕೆಂಪೇರಿತು, ಆಮೇಲೆ ಬಿಳಿಚಿಕೊಂಡಿತು. ಎದ್ದು, ಚಪ್ಪಲಿ ಮೆಟ್ಟದೆಯೇ ಏಣಿ ಇಳಿದು ತನ್ನ ಮನೆಯ ಕಡೆ ಓಡಿದ. ಅವಳು ಜಗಲಿಯ ಕಟಕಟೆಗೆ ಹೋಗಿ, ಮನೆಮನೆಯ ಹೆಸರು ಹಿಡಿದು ಕೂಗತೊಡಗಿದಳು: ತಿನ್ನಬೇಡಿ, ಖಾಮ್ಸಾಯ್ ಕೊಟ್ಟ ಮಾಂಸ ತಿನ್ನಬೇಡಿ.

ಉದೋನ್ ಬಂದು ಅವಳ ತೋಳು ಹಿಡಿದ. "ಮಾಲಿ, ಸಾಕು ನಿಲ್ಸು, ಮರ್ಯಾದೆ ಹೋಗುತ್ತೆ."

ಅವಳು ತಿರುಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. "ಎಷ್ಟು ಎಲೆ ತಿಂದ್ರಿ? ನಿಜ ಹೇಳಿ."

"ನಾಲ್ಕು," ಎಂದ ಅವನು. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಆರು ಇರಬಹುದು."